ಅಲನೀನ್ ಎಂಬ ನಮ್ಮ ಜಗಳ

ಜಗಳವಾಡಲು ಒಬ್ಬ ಒಳ್ಳೆಯ ಮನುಷ್ಯ ಸಿಗುವುದು ಪುಣ್ಯ ಎಂದು ನಂಬಿದವನು ನಾನು. ಮನೆಯಲ್ಲಿ ಆ ಭಾಗ್ಯವಿಲ್ಲ. ಅಲ್ಲಿ ವಾದಕ್ಕೆ ಮೊದಲೇ ತೀರ್ಪು ಬಂದಿರುತ್ತದೆ. ಬಳ್ಳಾರಿಯ ನಮ್ಮ ಕಾಲೇಜಿನಲ್ಲಿ ಸಿರುಗುಪ್ಪದ ವಿರೂಪಣ್ಣನವರಿದ್ದರು. ಅವರು ಕಲಿಸುತ್ತಿದ್ದದ್ದು ರಸಾಯನಶಾಸ್ತ್ರ, ಕುರುಗೋಡಿನವನಾದ ನಾನು ಕಲಿಸುವುದು ಜೀವರಸಾಯನ. ಜಗಳದ ವಸ್ತು ಅಲನೀನ್ ಎಂಬ ಅಮೈನೋ ಆಮ್ಲ. ಮೈಯೊಳಗಿನ ಕಿಣ್ವ, ಅಂದರೆ ಎನ್‌ಜೈಮು, ಅದನ್ನು ಸದ್ದಿಲ್ಲದೆ, ಮೈಬಿಸಿಯಲ್ಲೇ ಮಾಡಿಬಿಡುತ್ತದೆ. ಕಿಣ್ವವಿಲ್ಲದೆ ಫ್ಲಾಸ್ಕಿನಲ್ಲಿ ಮಾಡುವ ಹಳೆಯ ವಿಧಾನಕ್ಕೆ ಸೈನೈಡ್ ಬೇಕು. ಅಷ್ಟಾಗಿಯೂ ಎಡಗೈ, ಬಲಗೈಯಂಥ ಎರಡು ರೂಪ ಬೆರೆತೇ ಬರುತ್ತವೆ; ಮೈಗೆ ಬೇಕಾದದ್ದು ಎಡದ್ದು ಮಾತ್ರ.

"ಇಷ್ಟು ವಿಷ ಹಾಕಿ ಅರ್ಧ ಬ್ಯಾಡಾದ್ದ ಮಾಡ್ತೀರಲ್ರಿ," ಎನ್ನುತ್ತಿದ್ದೆ.

"ನಿಮ್ಮ ಕಿಣ್ವ ಮಾವನ ಮನಿಗಿ ಬಂದ ಅಳಿಯ ಇದ್ದಂಗ. ಸ್ವಲ್ಪ ಬಿಸಿ ತಾಗಿದ್ರ ಮುನಿಸ್ಕೊಂಡು ಮಲಗ್ತೈತಿ. ನನ್ನ ಫ್ಲಾಸ್ಕ್ ಕುದಿಸಿದ್ರೂ ದುಡೀತೈತಿ," ಎನ್ನುತ್ತಿದ್ದರು ಅವರು.

ಆ ದಿನ ಬೇಸಿಗೆಯ ಗಾಳಿ ಎದ್ದಿತ್ತು. ಗಾಳಿ ಎದ್ದರೆ ಬಳ್ಳಾರಿಯವರ ಕೈ ತಾನಾಗಿ ಕಿಟಕಿ ಮುಚ್ಚುತ್ತದೆ. ಇಲ್ಲದಿದ್ದರೆ ಅದಿರಿನ ಕೆಂಧೂಳು ಅನ್ನದ ಮೇಲೂ ಕೂರುತ್ತದೆ. ಸೈನೈಡ್ ಹಾಕಿ ಅಲನೀನ್ ಮಾಡುತ್ತಿದ್ದ ವಿರೂಪಣ್ಣನವರೂ ತಮ್ಮ ಫ್ಲಾಸ್ಕಿಗೆ ಧೂಳು ತಾಗದಿರಲೆಂದು ಲ್ಯಾಬಿನ ಕಿಟಕಿ ಮುಚ್ಚಿದರು. ಕರೆಂಟು ಹೋಗಿ, ಹೊಗೆ ಹೊರಗೆಳೆಯುವ ಫ್ಯಾನು ನಿಂತದ್ದು ಅವರ ಗಮನಕ್ಕೆ ಬರಲಿಲ್ಲ. ಚಹಾಕ್ಕೆ ಕರೆಯಲು ಹೋದ ನನಗೆ ಬಾಗಿಲ ಗಾಜಿನಲ್ಲಿ ಕಂಡದ್ದು, ಅವರು ಸ್ಟೂಲು ಹಿಡಿದು, ಬಿದ್ದದ್ದೇನನ್ನೋ ಹುಡುಕುವವರಂತೆ ನಿಧಾನವಾಗಿ ನೆಲಕ್ಕೆ ಕೂತದ್ದು. ನಾನು ಉಸಿರು ಬಿಗಿಹಿಡಿದು ಒಳಗೆ ನುಗ್ಗಿ ಅವರನ್ನು ಹೊರಗೆಳೆದೆನಂತೆ. ನನಗೆ ನೆನಪಿರುವುದು ಆ ಕೂತ ಬಗೆಯೊಂದೇ. ಹಲ್ಲುಜ್ಜುವಾಗ, ಬಸ್ಸು ಕಾಯುವಾಗ, ನನ್ನ ಕಣ್ಣ ಮುಂದೆ ಅವರು ಮತ್ತೆ ಹಾಗೆಯೇ ಕೂರುತ್ತಾರೆ.

ಸೈನೈಡ್ ನಮ್ಮ ಉಸಿರಿನ ಒಂದು ಕಿಣ್ವವನ್ನೇ ಕಟ್ಟಿಹಾಕುತ್ತದೆ. ಅವರ ಜೀವ ಉಳಿಯಿತು. ಜೊತೆಗೆ ಕೈಗಳ ನಡುಕವೂ ಉಳಿಯಿತು.

ಮೊನ್ನೆ ಸಿರುಗುಪ್ಪದ ಮನೆಗೆ ಹೋಗಿದ್ದೆ. ಅವರ ಹೆಂಡತಿ ಅವರಿಗೆ ಅರ್ಧ ಲೋಟ ಚಹಾ ಮಾತ್ರ ಕೊಟ್ಟರು. ಅದೂ ತುಳುಕಿ ಅಂಗಿಯ ಮೇಲೆ ಚೆಲ್ಲಿತು.

"ಕಿಣ್ವ ಇಲ್ಲಂದ್ರ ಉಸ್ರೂ ಇಲ್ಲ ಅಂತ ಗೊತ್ತಾತು. ನೀವ ಗೆದ್ರಿ ಬಿಡ್ರಿ," ಎಂದು ನಕ್ಕರು.

"ರಜೆ ಮುಗದ ಮ್ಯಾಲ ಬರ್ರಿ, ಜಗಳ ಬಾಕಿ ಐತಿ," ಎಂದೆ.

"ಈ ಕೈಲೆ ಫ್ಲಾಸ್ಕ್ ಹಿಡೀಲೇನ್ರಿ? ಎದುರಿಗಿ ಹುಡುಗ್ರು ನಿಂತಿರ್ತಾರ. ನನ್ನ ಪಾಠ ನೀವ ಮಾಡ್ರಿ. ಫ್ಲಾಸ್ಕಿನ ಮರ್ಯಾದಿ ಮಾತ್ರ ಕಳೀಬ್ಯಾಡ್ರಿ."

ಈಗ ಅವರ ತರಗತಿಯಲ್ಲಿ ನಿಂತು ಅವರ ಪರವಾಗಿಯೇ ವಾದಿಸುತ್ತೇನೆ. ಭೂಮಿಯ ಮೊಟ್ಟಮೊದಲ ಕಿಣ್ವ ಹುಟ್ಟುವ ಮುಂಚೆ, ಕಿಣ್ವದ ಹಂಗಿಲ್ಲದೆ ಅಮೈನೋ ಆಮ್ಲ ಆಗಿರಲೇಬೇಕಲ್ಲ? ಈ ಮಾತು ಇಷ್ಟು ವರ್ಷ ವಿರೂಪಣ್ಣನವರಿಗೆ ಹೊಳೆದಿರಲಿಲ್ಲ. ಹೊಳೆದಿದ್ದರೆ ನಾನು ಅಂದೇ ಸೋತು ಚಹಾ ಕೊಡಿಸುತ್ತಿದ್ದೆ. ಹುಡುಗರು ತಲೆಯಾಡಿಸಿ ಬರೆದುಕೊಳ್ಳುತ್ತಾರೆ, ಒಬ್ಬರೂ ಎದುರಾಡುವುದಿಲ್ಲ. ನನ್ನನ್ನು ಸೋಲಿಸುವ ಕೆಲಸವನ್ನೂ ಈಗ ನಾನೇ ಮಾಡಿಕೊಳ್ಳಬೇಕಾಗಿದೆ.