ಪಕ್ಕದ ಮನೆಯವರೆಲ್ಲ ಶ್ರೀಮಂತರು

ನನ್ನ ನೌಕರಿಯಲ್ಲಿ ಇಂಥದ್ದು ತಿಂಗಳಿಗೊಂದಾದರೂ ನಡೆಯುತ್ತದೆ. ನಡೆಯದೇ ಹೋದ ತಿಂಗಳು ನಾನು ರಜೆಯ ಮೇಲಿದ್ದೆ ಅಂತ ಅರ್ಥ.

ನಾನು ಗ್ರಾಮ ಆಡಳಿತ ಅಧಿಕಾರಿ. ಸರ್ಕಾರ ಈ ಹುದ್ದೆಯ ಹೆಸರು ಎಷ್ಟು ಸಲ ಬದಲಿಸಿದರೂ ಹಳ್ಳಿಯ ಹಿರಿಯರಿಗೆ ನಾನು ಈಗಲೂ ‘ಶ್ಯಾನುಭೋಗ್ರು’, ಉಳಿದವರಿಗೆ ‘ವಿ.ಎ. ಮೇಡಂ’. ತೀರ್ಥಹಳ್ಳಿ, ಹೊಸನಗರ, ಸಾಗರ ಮೂರೂ ತಾಲ್ಲೂಕುಗಳ ನೀರು ಕುಡಿದಿದ್ದೇನೆ. ಯಾರಿಗೆ ರೇಷನ್ ಕಾರ್ಡು ಕೊಡಬಹುದು, ಯಾರಿಗೆ ಪಿಂಚಣಿ ಸಲ್ಲುತ್ತದೆ ಅಂತ ಮನೆಮನೆಗೆ ಹೋಗಿ ನೋಡಿ ವರದಿ ಬರೆಯುವುದು ನನ್ನ ಕೆಲಸಗಳಲ್ಲೊಂದು. ನೋಡುವುದೆಂದರೆ ಗೋಡೆ, ಮಾಡು, ಅಡುಗೆಮನೆ ಅಂದುಕೊಂಡು ನೌಕರಿಗೆ ಸೇರಿದ್ದೆ. ಸರ್ಕಾರದಿಂದ ಏನಾದರೂ ಪಡೆಯುವವರ ಬಗ್ಗೆ ಸುತ್ತಲಿನವರ ಮನಸ್ಸಿನಲ್ಲಿ ಏನೇನಿರುತ್ತದೆ ಅನ್ನುವುದು ಅದಕ್ಕಿಂತ ನೋಡಬೇಕಾದ ಸಂಗತಿ ಅಂತ ಆಮೇಲೆ ಗೊತ್ತಾಯಿತು. ಇಷ್ಟು ವರ್ಷ ನೋಡಿಯೂ ಆ ಕುತೂಹಲ ತೀರಿಲ್ಲ.

೧. ಹೆಪ್ಪು

ಹೊಸನಗರದಲ್ಲಿದ್ದಾಗ ಒಂದು ಕೇರಿಯ ಎಂಟು ಮನೆಗಳ ಬಿಪಿಎಲ್ ಕಾರ್ಡು ಪರಿಶೀಲಿಸಲು ಆದೇಶ ಬಂತು. ಮೊದಲನೇ ಮನೆಯ ಯಜಮಾನರು ಜಗಲಿಯಲ್ಲಿ ಕುರ್ಚಿ ಹಾಕಿ ಕೂರಿಸಿದರು. ತಮ್ಮ ಕಷ್ಟವನ್ನು ಎರಡು ಮಾತಿನಲ್ಲಿ ಮುಗಿಸಿ, ದನಿ ತಗ್ಗಿಸಿ ಪಕ್ಕದ ಮನೆಯ ವಿಷಯಕ್ಕೆ ಬಂದರು.

“ನಮ್ದು ಬಿಡಿ ಮೇಡಂ. ಅವ್ರಿಗೆ ಎಂತಕ್ಕೆ ಕಾರ್ಡು? ಮಗ ಗ್ಯಾರೇಜಿಗೆ ಹೋಗ್ತಾನೆ. ಮೊನ್ನೆ ಫ್ರಿಜ್ಜು ತಂದಿದಾರೆ.”

ಎರಡನೇ ಮನೆಗೆ ಹೋದೆ. ಫ್ರಿಜ್ಜು ಇದ್ದದ್ದು ನಿಜ. ಬಾಗಿಲು ತೆಗೆದು ನೋಡಿದರೆ ಒಳಗೆ ಸೀರೆ, ಟವೆಲ್ಲು ಒಪ್ಪವಾಗಿ ಮಡಿಸಿಟ್ಟಿದ್ದವು. ಗ್ಯಾರೇಜಿನ ಸಾಹುಕಾರರು ಕೆಟ್ಟುಹೋದ ಫ್ರಿಜ್ಜನ್ನು ಮಗನಿಗೆ ಕೊಟ್ಟಿದ್ದರಂತೆ. ಇಲಿ ಹೋಗುವುದಿಲ್ಲವಲ್ಲ ಅಂತ ಇವರು ಅದನ್ನು ಬಟ್ಟೆಯ ಬೀರು ಮಾಡಿಕೊಂಡಿದ್ದರು. ಅಷ್ಟು ವಿವರಿಸಿದ ಆ ಮನೆಯಾಕೆ, “ನಮ್ಮನೆಗೇ ಬಂದ್ರಾ? ಮೂರನೇ ಮನೆ ನೋಡಿ ಮೇಡಂ, ದಿನಾ ಮೀನು” ಅಂದಳು.

ಮೂರನೆಯವರು ನಾಲ್ಕನೆಯವರನ್ನು ತೋರಿಸಿದರು, ನಾಲ್ಕನೆಯವರು ಐದನೆಯವರನ್ನು. ಎಂಟನೇ ಮನೆಯ ಅಜ್ಜಿ ನನ್ನನ್ನು ವಾಪಸು ಮೊದಲನೇ ಮನೆಗೆ ಕಳಿಸಿದರು. “ಜಗಲಿಗೆ ಟೈಲ್ಸ್ ಹಾಕ್ಸಿದಾರೆ, ನೋಡ್ಲಿಲ್ವಾ? ನೀವು ಕೂತಿದ್ದೇ ಅದರ ಮೇಲೆ.”

ಎಲ್ಲರನ್ನೂ ಅದೇ ಜಗಲಿಗೆ ಕರೆಸಿ ಹೇಳಿದೆ: “ನೀವು ಹೇಳಿದ್ದನ್ನೆಲ್ಲ ಬರೆದುಕೊಂಡಿದ್ದೇನೆ. ಪಕ್ಕದ ಮನೆಯವರು ಬಡವರಲ್ಲ ಅಂತ ಒಬ್ಬೊಬ್ಬರೂ ಕೆಳಗೆ ಒಂದು ಸಹಿ ಹಾಕಿ, ಸಾಕು.”

ಪೆನ್ನು ಎಂಟು ಕೈ ಸುತ್ತಿತು. ಸಹಿ ಮಾತ್ರ ಬೀಳಲಿಲ್ಲ. ನೋಡನೋಡುತ್ತಿದ್ದಂತೆ ಕೇರಿಗೆ ಕೇರಿಯೇ ಬಡವಾಯಿತು. “ಪಾಪ, ಆ ಹುಡುಗ ಗ್ಯಾರೇಜಲ್ಲಿ ದುಡಿದೂ ದುಡಿದೂ ಸೊರಗಿದಾನೆ.” “ಮೀನು ಅಂದ್ರೆ ಎಂತ, ಹೊಳೇಲಿ ಅವ್ರೇ ಹಿಡಿಯೋದು.”

ಮೊದಲನೇ ಮನೆಯವರು ಪೆನ್ನನ್ನು ನನ್ನ ಕೈಗೇ ವಾಪಸು ಕೊಟ್ಟರು. “ಬಾಯಲ್ಲಿ ಹೇಳಿದ್ದು ಬಾಯಲ್ಲೇ ಇರ್ಲಿ ಮೇಡಂ. ಸೈನ್ ಹಾಕಿದ್ರೆ ಇವತ್ತು ಸಂಜೆ ನಮ್ಮನೆ ಹಾಲಿಗೆ ಹೆಪ್ಪು ಯಾರ ಮನೆಯಿಂದ ತರೋದು?”

೨. ಕೋಳಿಯ ಪಾಲು

ತೀರ್ಥಹಳ್ಳಿ ಕಡೆಯ ಒಂದು ರೇಷನ್ ಅಂಗಡಿಗೆ ದಾಸ್ತಾನು ನೋಡಲು ಹೋಗುತ್ತಿದ್ದೆ. ಸಾಲಿನಲ್ಲಿ ನಿಂತವರನ್ನು ಸುಮ್ಮನೆ ಕೇಳುವ ಅಭ್ಯಾಸ ನನಗೆ: “ಅಕ್ಕಿ ಹೇಗಿದೆ?”

“ನಮಗೇನು ಗೊತ್ತು ಮೇಡಂ, ನಾವು ದೋಸೆಗೆ ಮಾತ್ರ ಹಾಕೋದು” ಅಂದರು ಒಬ್ಬರು. ಇನ್ನೊಬ್ಬರು ದನದ ಗಂಜಿಗೆ ಅಂದರು. ಮತ್ತೊಬ್ಬರು ಕೆಲಸದವರಿಗೆ ಅಂದರು. ಅವರ ಕೆಲಸದವರೂ ಅದೇ ಸಾಲಿನಲ್ಲಿ ಹಿಂದೆ ನಿಂತಿದ್ದರು. ನಲವತ್ತು ಜನರ ಸಾಲಿನಲ್ಲಿ ಆ ಅಕ್ಕಿಯ ಅನ್ನ ಉಂಡವರು ಒಬ್ಬರೂ ಸಿಗಲಿಲ್ಲ. ಪುಕ್ಕಟೆ ಅಕ್ಕಿ ಉಣ್ಣುವವರು ಅಂದರೆ ಬೇರೆ ಯಾರೋ, ಬೇರೆ ಎಲ್ಲೋ ಇರುವವರು ಅಂತ ಎಲ್ಲರ ನಂಬಿಕೆ.

ಅವರಲ್ಲಿ ಒಬ್ಬಳು ಸೊಸೆ ಇದ್ದಳು. ಒಂದು ಕಾಲಕ್ಕೆ ಊರಿಗೇ ದೊಡ್ಡ ಮನೆ ಅವಳದು. ಈಗ ಮಾವನ ಔಷಧಿ, ಮಕ್ಕಳ ಶಾಲೆ, ಎಲ್ಲಕ್ಕೂ ಅವಳು ಹೊಲಿಗೆ ಯಂತ್ರ ತುಳಿಯಬೇಕು. ಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬರುವಳು. ನಾನು ಕೇಳುವ ಮೊದಲೇ ಹೇಳುವಳು: “ಕೋಳಿಗೆ ಮೇಡಂ.”

ಒಂದು ತಿಂಗಳು ದಾಸ್ತಾನು ತಡವಾಯಿತು. ಅವಳು ನನ್ನ ಕಚೇರಿಗೆ ಒಂದೇ ವಾರದಲ್ಲಿ ನಾಲ್ಕು ಸಲ ಬಂದಳು. ನಾಲ್ಕನೇ ಸಲ ನಾನು ನಗುತ್ತಾ, “ಏನಮ್ಮ, ಕೋಳಿಗಳು ತುಂಬಾ ಗಲಾಟೆ ಮಾಡ್ತಿದಾವಾ?” ಅಂತ ಕೇಳಿದೆ.

ಅವಳೂ ನಕ್ಕುಬಿಟ್ಟಳು. “ಕೋಳಿ ಎಂತ ಹೇಳ್ತವೆ ಮೇಡಂ, ಮಾವ ಬೈತಿದಾರೆ.”

೩. ನನ್ನ ಸ್ವಾಭಿಮಾನ

ಇದು ನನ್ನ ಮೇಲೇ ಬಂದದ್ದು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಫ್ರೀ ಆದ ಹೊಸದು. ಸಾಗರದಿಂದ ಹೊರಟಿದ್ದೆ. ಗಂಡಸರು ನಿಂತಿದ್ದರು, ನಾವೆಲ್ಲ ಕೂತಿದ್ದೆವು. ಒಬ್ಬರು ಕಿಟಕಿಯ ಕಡೆ ನೋಡುತ್ತಾ, ಎಲ್ಲರಿಗೂ ಕೇಳುವಂತೆ, “ದುಡ್ಡು ಕೊಟ್ಟೋರು ನಿಲ್ಬೇಕು, ಪುಕ್ಕಟೆಯೋರು ಕೂರ್ಬೇಕು” ಅಂದರು.

ಸಂಬಳ ತೆಗೆದುಕೊಳ್ಳುವವಳು ನಾನು. ಚುರುಕ್ ಅಂತು. ಕಂಡಕ್ಟರ್ ಬಂದಾಗ ಐನೂರರ ನೋಟು ಚಾಚಿ, ನಾಲ್ಕು ಸೀಟಿಗೆ ಕೇಳುವ ಹಾಗೆ ಹೇಳಿದೆ: “ನನಗೆ ದುಡ್ಡಿನ ಟಿಕೆಟ್ಟೇ ಕೊಡಿ. ಇದು ಸ್ವಾಭಿಮಾನದ ಪ್ರಶ್ನೆ.”

ಕಂಡಕ್ಟರ್ ನೋಟು ನೋಡಿದರು, ನನ್ನನ್ನು ನೋಡಿದರು, ಟರ್ರ್ ಅಂತ ಶೂನ್ಯದ ಟಿಕೆಟ್ಟು ಹರಿದು ಕೈಗಿಟ್ಟರು.

“ಇಟ್ಕೊಳಿ ಅಕ್ಕ. ಸ್ವಾಭಿಮಾನಕ್ಕೆ ಚಿಲ್ಲರೆ ಇಲ್ಲ.”

೪. ಹೆಸರು ತೆಗೆಸಲು ಬಂದವರು

ಅದೇ ಬಸ್ಸಿನ ವಿಷಯಕ್ಕೆ ಸಾಗರದ ಹತ್ತಿರದ ಹಳ್ಳಿಯಿಂದ ಒಬ್ಬ ಹಿರಿಯರು ಅರ್ಜಿ ಹಿಡಿದು ಬಂದರು. ಬಸ್ ನಿಲ್ದಾಣದ ಎದುರು ಸೈಕಲ್ ರಿಪೇರಿ ಅಂಗಡಿ ಅವರದು. ಅರ್ಜಿಯಲ್ಲಿ ಒಂದೇ ಸಾಲು: ‘ನನ್ನ ಹೆಂಡತಿಯ ಹೆಸರನ್ನು ಉಚಿತ ಬಸ್ಸಿನಿಂದ ತೆಗೆದುಹಾಕಬೇಕಾಗಿ ವಿನಂತಿ.’

“ಅದಕ್ಕೆ ಪಟ್ಟಿ ಅಂತ ಇಲ್ಲ, ತೆಗೆಯೋಕೆ ಬರಲ್ಲ” ಅಂದೆ. “ಏನಾಯ್ತು?”

“ಹೆಂಗಸರು ಹಾಳಾಗ್ತಿದಾರೆ ಮೇಡಂ” ಅಂದರು. “ಗುರುವಾರ ವರದಹಳ್ಳಿ ಆಶ್ರಮ. ಶನಿವಾರ ಹೊಸನಗರದಲ್ಲಿ ಅಕ್ಕನ ಮನೆ. ನಾನು ಮಧ್ಯಾಹ್ನ ಮನೆಗೆ ಹೋದ್ರೆ ಬಾಗಿಲಿಗೆ ಬೀಗ. ಬಿಟ್ಟಿ ಸಿಕ್ಕಿದ್ರೆ ಹೀಗೇ ಆಗೋದು.”

“ಮೊದಲು ಬಸ್ಸಿಗೆ ಹತ್ತಿಸಿದ್ದು ಯಾರು?”

“ನಾನೇ. ಟ್ಯೂಬು, ಬೇರಿಂಗ್ ಬಾಲ್ಸು ಎಲ್ಲ ಪೇಟೆಯಿಂದ ತರ್ಬೇಕಲ್ಲ. ಅವ್ಳಿಗೆ ಫ್ರೀ, ಅವ್ಳೇ ಹೋಗಿ ಬರ್ಲಿ ಅಂತ ಕಳಿಸ್ತಿದ್ದೆ.”

ಮುಂದಿನ ವಾರ ಬೇರೆ ಕೆಲಸಕ್ಕೆ ಅವರ ಹೆಂಡತಿಯೇ ಬಂದರು. ನಾನು ಅರ್ಜಿಯ ಸಂಗತಿ ಹೇಳಿದೆ. ಅವರಿಗೆ ಕೋಪ ಬರಲಿಲ್ಲ.

“ಮೂವತ್ತು ವರ್ಷ ಎಲ್ಲಿಗೆ ಹೋಗ್ತೀನಿ ಅಂದ್ರೂ ‘ಬಸ್ ಚಾರ್ಜು ಎಷ್ಟು ಗೊತ್ತಾ’ ಅಂತಿದ್ರು. ಈಗ ಅವ್ರಿಗೆ ಹೇಳೋಕೆ ಮಾತೇ ಇಲ್ಲ. ಪಾಪ, ಅದಕ್ಕೇ ನಿಮ್ಮತ್ರ ಬಂದಿದಾರೆ” ಅಂದರು.

ಎರಡು ತಿಂಗಳು ಬಿಟ್ಟು ಹಿರಿಯರು ಮತ್ತೆ ಬಂದರು. ಒಂದು ಗುರುವಾರ ಅಂಗಡಿ ಮುಚ್ಚಿ ಅವರೂ ಹೆಂಡತಿಯ ಜೊತೆ ವರದಹಳ್ಳಿಗೆ ಹೋಗಿ, ಅಲ್ಲೇ ಪ್ರಸಾದದ ಊಟ ಮಾಡಿ ಬಂದಿದ್ದರಂತೆ. ಮುಖ ಗೆಲುವಾಗಿತ್ತು.

“ಹೆಸರು ತೆಗೆಯೋದು ಬೇಡ ಮೇಡಂ” ಅಂದರು. ಆಚೀಚೆ ನೋಡಿ ಮೇಜಿನ ಮೇಲೆ ಬಗ್ಗಿದರು. “ಹೆಂಡ್ತಿ ಜೊತೆ ಹೋಗೋ ಗಂಡಂದಿರಿಗೆ ಅಂತ ಏನಾದ್ರೂ ಉಂಟಾ?”

೫. ಮೂಗರ್ಜಿ

ಹೆಸರು ಹಾಕದೆ ದೂರು ಬರೆಯುವುದಕ್ಕೆ ನಮ್ಮ ಕಚೇರಿಯಲ್ಲಿ ಮೂಗರ್ಜಿ ಅನ್ನುತ್ತೇವೆ. ಸಾಗರದ ಹಿನ್ನೀರಿಗೆ ಸೇತುವೆ ಆಗುವ ಮೊದಲಿನ ಮಾತು. ಆಚೆ ದಡದ ಒಂದು ಊರಿನ ಹೆಂಗಸಿನ ಮೇಲೆ ಭಯಂಕರ ಮೂಗರ್ಜಿ ಬಂತು. ‘ಸದರಿಯವರು ಎರಡು ಅಂತಸ್ತಿನ ಮನೆ, ಕಾರು, ಮೈತುಂಬ ಚಿನ್ನ ಹೊಂದಿದ್ದು, ಸುಳ್ಳು ಹೇಳಿ ಬಡವರ ಅಕ್ಕಿ ತಿನ್ನುತ್ತಿದ್ದಾರೆ. ಕೂಡಲೇ ಕ್ರಮ ಕೈಗೊಳ್ಳಿ.’ ಪ್ರತಿಗಳು ಎಲ್ಲ ಮೇಲಧಿಕಾರಿಗಳಿಗೂ ಹೋಗಿದ್ದವು. ತಹಶೀಲ್ದಾರರು ಕೆಂಪು ಶಾಯಿಯಲ್ಲಿ ‘ನಾಳೆಯೇ’ ಅಂತ ಬರೆದು ನನ್ನ ಮೇಜಿಗೆ ಕಳಿಸಿದರು.

ಮರುದಿನ ಹೊಳೆಬಾಗಿಲಿನ ಕಡವಿನಲ್ಲಿ ಜನ ದಾಟಿಸುವ ಲಾಂಚ್ ಹತ್ತಿ, ಆಚೆ ದಡದಲ್ಲಿ ಜೀಪು ಹಿಡಿದು, ಜೀಪು ನಿಂತಲ್ಲಿಂದ ಒಂದು ಗಂಟೆ ಗುಡ್ಡ ಹತ್ತಿದೆ. ಮೈಯೆಲ್ಲ ಬೆವರು, ಕಾಲಿಗೆ ರಕ್ತ ಹೀರುವ ಎರಡು ಇಂಬಳ. ಕಾರಂತೆ ಕಾರು! ಸೈಕಲ್ಲು ಹೋಗುವ ದಾರಿಯೂ ಇರಲಿಲ್ಲ.

ಮಣ್ಣಿನ ಗೋಡೆಯ ಚಿಕ್ಕ ಮನೆ. ಅರವತ್ತು ದಾಟಿದ ಹೆಂಗಸು ಬಾಗಿಲಲ್ಲೇ ಕೂತಿದ್ದರು. ಕೊರಳಲ್ಲಿ ಕರಿಮಣಿ, ಅಷ್ಟೇ ಚಿನ್ನ.

“ಬಂದ್ರಾ? ನಿನ್ನೆನೇ ಬರ್ತೀರ ಅಂತ ಮಾಡಿದ್ದೆ” ಅನ್ನುತ್ತಾ ಮಜ್ಜಿಗೆ ತಂದಿಟ್ಟರು.

ದೂರು ಓದಿ ಹೇಳಿದೆ. ಕಾರು ಅನ್ನುವಲ್ಲಿ ತಲೆದೂಗಿದರು. ಚಿನ್ನ ಅನ್ನುವಲ್ಲಿ ಬಾಯಿಗೆ ಸೆರಗು ಹಿಡಿದರು. ನನಗೆ ಅಯ್ಯೋ ಅನ್ನಿಸಿತು. “ಅಮ್ಮ, ಯಾರೋ ಹೊಟ್ಟೆಕಿಚ್ಚಿಗೆ ಬರೆದಿದಾರೆ. ನಿಮಗೆ ಯಾರ ಮೇಲಾದ್ರೂ ಅನುಮಾನ ಉಂಟಾ?”

“ಅನುಮಾನ ಎಂತಕ್ಕೆ? ನಾನೇ ಬರೆಸಿದ್ದು.”

ಮಜ್ಜಿಗೆ ನೆತ್ತಿಗೆ ಹತ್ತಿತು.

ಅವರು ಒಳಕೋಣೆಯ ಬಾಗಿಲು ಸರಿಸಿದರು. ಮೂವತ್ತರ ಆಸುಪಾಸಿನ ಮಗಳು ಗೋಡೆಗೊರಗಿ ಕೂತು ಚಾಪೆ ಹೆಣೆಯುತ್ತಿದ್ದಳು. ಚಿಕ್ಕವಳಿರುವಾಗಲೇ ಕಾಲು ಹೋಗಿದೆ. ಆಸ್ಪತ್ರೆಯ ಸರ್ಟಿಫಿಕೇಟು ಇದೆ, ಪಿಂಚಣಿಗೆ ಅರ್ಜಿ ಕೊಟ್ಟಾಗಿದೆ. ಮನೆಗೆ ಬಂದು ನೋಡಿದ ವರದಿ ಒಂದೇ ಬಾಕಿ. ಆಗ ನನಗೆ ನೆನಪಾಯಿತು. ಆ ಅರ್ಜಿ ನನ್ನ ಮೇಜಿನ ಮೇಲೇ ಇತ್ತು. ‘ದಾರಿ ಸರಿಯಿಲ್ಲ, ಮಳೆ ಮುಗಿದ ಮೇಲೆ ನೋಡುವುದು’ ಅಂತ ನಾನೇ ಚೀಟಿ ಅಂಟಿಸಿ ಕಟ್ಟಿನ ಕೆಳಗೆ ಇಟ್ಟಿದ್ದೆ. ಅದಾಗಿ ಎರಡು ಮಳೆಗಾಲ ಮುಗಿದಿದ್ದವು.

“ಬೈಕೋಬೇಡಿ ಮೇಡಂ” ಅಂದರು ಅವರೇ. “ಇಲ್ಲ ಅಂತ ಎರಡು ವರ್ಷ ಬರೆಸಿದೆ, ಯಾರೂ ಬರ್ಲಿಲ್ಲ. ಉಂಟು ಅಂತ ಒಂದೇ ಸಲ ಬರೆಸಿದೆ.”

ತಲೆ ಎತ್ತಲು ಆಗಲಿಲ್ಲ. ಏನಾದರೂ ಹೇಳಬೇಕಲ್ಲ ಅಂತ, “ಅದಕ್ಕೆ ಕಾರು ಎಲ್ಲ ಬೇಕಿತ್ತಾ?” ಅಂದೆ.

“ಬರೀ ಎಮ್ಮೆ ಉಂಟು ಅಂದಿದ್ರೆ ಬರ್ತಿದ್ರಾ?”

ಅಲ್ಲೇ ಚಾಪೆಯ ಮೇಲೆ ಕೂತು ಮಗಳ ಹೇಳಿಕೆ ಬರೆದುಕೊಂಡೆ, ಫೋಟೋ ತೆಗೆದೆ. ಅವಳು ನಾಚಿಕೊಂಡು ಕೂದಲು ಸರಿಮಾಡಿಕೊಂಡಳು. ಸಂಜೆಯೊಳಗೆ ವರದಿ ಕೊಟ್ಟೆ. ಒಂದೆರಡು ತಿಂಗಳಲ್ಲಿ ಪಿಂಚಣಿಯೂ ಶುರುವಾಯಿತು.

ಆಮೇಲೆ ಒಂದು ದಿನ ತಹಶೀಲ್ದಾರರು ಕರೆಸಿದರು. ಅವರ ಮುಂದೆ ಅದೇ ಊರಿನಿಂದ ಬಂದ ಹೊಸ ಮೂಗರ್ಜಿಗಳು ನಾಲ್ಕು ಇದ್ದವು. ನಾಲ್ಕೂ ಒಂದೇ ಕೈಬರಹ. ಒಂದರಲ್ಲಿ ಕುರುಡು ಮುದುಕರೊಬ್ಬರಿಗೆ ಎರಡು ಲಾರಿ. ಇನ್ನೊಂದರಲ್ಲಿ ವಿಧವೆಯೊಬ್ಬಳಿಗೆ ಮೂರು ಅಂತಸ್ತಿನ ಬಂಗಲೆ, ಮೇಲೆ ಈಜುಕೊಳ.

ತಹಶೀಲ್ದಾರರು ತಲೆ ಚಚ್ಚಿಕೊಂಡರು. “ಎಂಥ ಊರು ಮಾರಾಯ್ತಿ ಇದು? ಒಬ್ಬರನ್ನು ಕಂಡ್ರೆ ಒಬ್ಬರಿಗೆ ಆಗಲ್ವಲ್ಲ!”

ನಾನು ಛತ್ರಿ, ಚೀಲ ತೆಗೆದುಕೊಂಡು ಲಾಂಚಿಗೆ ಹೊರಡಲು ಎದ್ದೆ.

“ಇಲ್ಲ ಸಾರ್” ಅಂದೆ, “ತುಂಬಾ ಒಗ್ಗಟ್ಟಿನ ಊರು.”