ಅಣ್ಣನ ಇಪ್ಪತ್ತಡಿ ಉಸಿರು

ನಮ್ಮಣ್ಣನಿಗೆ ತಲೆ ಇಲ್ಲವೆಂದು ನಾನು ಹೇಳುವುದಿಲ್ಲ. ಇದೆ. ಅದನ್ನು ಮುಳುಗಿಸಲು ಎಲ್ಲಿ ನೀರಿದೆ ಎಂದು ಹುಡುಕುತ್ತಿರುತ್ತಾನೆ, ಅಷ್ಟೆ! ನೆನೆದರೆ ಈಗಲೂ ಮೈ ಉರಿಯುತ್ತದೆ.

ಚನ್ನಗಿರಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ, ಐವತ್ತು ದಾಟಿದ ಮನುಷ್ಯ. ಬಾವಿಗೆ ಬಿದ್ದ ಸಾಮಾನು ತೆಗೆಯಲು ಯಾರೂ ಸಿಗುವುದಿಲ್ಲವೆಂದು, ನೀರೊಳಗೆ ಉಸಿರಾಡುವ ಯಂತ್ರವನ್ನು ತಾನೇ ಮಾಡಿದ. ಎಂಥ ಯಂತ್ರ! ಮುಖಕ್ಕೆ ಅರ್ಧ ಕತ್ತರಿಸಿದ ಎಣ್ಣೆ ಕ್ಯಾನು, ಅಂಚಿಗೆ ಸೈಕಲ್ ಟ್ಯೂಬು, ಮೇಲಕ್ಕೊಂದು ಪೈಪು.

ಮೊದಲ ಪರೀಕ್ಷೆ ಹಿತ್ತಲ ತೊಟ್ಟಿಯಲ್ಲಿ. ಮುಖವೆತ್ತಿ ಬೀಗಿದ: "ನೋಡಿದ್ಯೇನೇ, ಐದು ನಿಮಿಷ!"

"ನೀರು ಎರಡಡಿ ಐತೆ ಕಣಣ್ಣ. ಕತ್ತು ಎತ್ತಿದ್ರೆ ಗಾಳಿ ಬಿಟ್ಟಿ ಸಿಗತೈತೆ!"

ಆಮೇಲೆ ಪೈಪಿಗೆ ಪೆಟ್ರೋಲ್ ಎಂಜಿನ್ನಿನ ಗಾಳಿ ಮಿಷನ್ನು ಜೋಡಿಸಿದ. ಗಾಳಿಯ ಜೊತೆ ಎಂಜಿನ್ನಿನ ಹೊಗೆಯನ್ನೂ ಕುಡಿದು ಎರಡು ದಿನ ವಾಂತಿ ಮಾಡಿಕೊಂಡ. ಬುದ್ಧಿ ಬಂತೇ?

"ಹೊಗೆ ತಡಿಯಾಕೆ ಒಂದು ಬಟ್ಟೆ ಕಟ್ಟಿದ್ರೆ ಸಾಕು."

"ನಿನ್ನ ಬಾಯಿಗೆ ಕಟ್ಟು!" ಎಂದೆ.

ಮಿಷನ್ನು ಬಿಟ್ಟ, ಪೈಪು ಬಿಡಲಿಲ್ಲ. ಇಪ್ಪತ್ತಡಿ ಪೈಪು ಹೊತ್ತು ಸೂಳೆಕೆರೆಗೆ ಹೊರಟ. "ತಂಗಿ ಮಾತಾದ್ರೂ ಕೇಳ್ತಾರೇನೋ, ನೀನೂ ಹೋಗವ್ವ" ಎಂದು ಅತ್ತಿಗೆ ನನ್ನನ್ನು ಹಿಂದೆ ಕಳಿಸಿದಳು. ಕೇಳುವ ಆಸಾಮಿಯೇ ಅವನು? ಪೈಪಿನ ತುದಿಗೆ ಥರ್ಮಾಕೋಲು ಕಟ್ಟಿ ತೇಲಿಬಿಟ್ಟ, ಮೇಲೆ ತೇಲಿಬರಬಾರದೆಂದು ಸೊಂಟಕ್ಕೆ ಕಲ್ಲು ಕಟ್ಟಿಕೊಂಡ, ಮುಳುಗಿದ!

ತೆಪ್ಪದಲ್ಲಿ ಬಲೆ ಬಿಡಿಸುತ್ತಿದ್ದ ಮೀನುಗಾರರೊಬ್ಬರು ಕೂಗಿದರು: "ಅಕ್ಕಾ, ಹೊರಗೆ ಕರೀರಿ! ಒಂದಾಳು ಆಳ ಹೋದ್ರೆ ನೀರು ಎದೆ ಒತ್ತತೈತೆ. ಎಷ್ಟು ಎಳದ್ರೂ ಉಸಿರು ಒಳಗೆ ಬರಲ್ಲ!"

ಹೆಂಗೆ ಕರೆಯುವುದು? ಥರ್ಮಾಕೋಲು ಎರಡು ಸಲ ಕುಣಿದು ಸುಮ್ಮನಾಯಿತು. ನಾನು ಚೀರಿದ್ದಷ್ಟೇ ಗೊತ್ತು. ಆ ಪುಣ್ಯಾತ್ಮ ನೀರಿಗೆ ಹಾರಿ, ಕಲ್ಲಿನ ಹಗ್ಗ ಕೊಯ್ದು, ಅಣ್ಣನನ್ನು ದಡಕ್ಕೆ ಎಳೆತಂದರು. ತುಟಿ ನೀಲಿಗಟ್ಟಿತ್ತು. ಮಗ್ಗುಲಿಗೆ ಹೊರಳಿಸಿದಾಗ ನೀರು ಕಾರಿ, ಕೆಮ್ಮಿ, ಕಣ್ಣು ಬಿಟ್ಟ.

ಆಗ ಬಂತು ನೋಡಿ ನನಗೆ ಸಿಟ್ಟು! ಹಿರಿಯ ಅಣ್ಣ, ನನ್ನ ಚೀರಾಟ ಕೇಳಿ ದಡದಲ್ಲಿ ಸೇರಿದ್ದ ಅಷ್ಟು ಜನ, ಯಾವುದನ್ನೂ ನೋಡಲಿಲ್ಲ. ಬೆನ್ನಿನ ಮೇಲೆ ಬಾರಿಸಿದೆ. "ಅತ್ತಿಗೆಗೆ ಏನಂತ ಹೇಳ್ಬೇಕಿತ್ತೋ ನಾನು? ಹೇಳು!" ಬೈಯುತ್ತಾ ಬೈಯುತ್ತಾ ಕೈ ಸೋತು ನಿಂತೆ.

ಅವನು ತಲೆ ಎತ್ತಲಿಲ್ಲ. ನನ್ನ ಸೆರಗಿನ ಚುಂಗು ಹಿಡಿದು, ಒಡೆದ ದನಿಯಲ್ಲಿ ಹೇಳಿದ:

"ಇನ್ನೆರಡು ಹೊಡಿಯವ್ವ. ನೀನು ಹೊಡದ್ರೆ ಉಸಿರು ಬರ್ತೈತೆ."