ನವಿಲು ಮಿರ್ಜಾನಿಗೆ ಒಂದು ದಿನದ ರಜೆ ಕೋರಿ

ಇಂದ,
ಸಫರ್ ಬೋಯ್‌ಮುರೋದೋವ್,
ರೇಷ್ಮೆಹುಳು ಸಾಕುವವನು,
ತುತ್ಲಿ ಗ್ರಾಮ (ಕಾಲುವೆ ದಾಟಿದ ಮೇಲೆ ಎರಡನೆಯ ನೀಲಿ ಬಾಗಿಲು),
ಬುಖಾರಾ ಸೀಮೆ.

ಗೆ,
ಮೇಲ್ವಿಚಾರಕರು,
ಅಮೀರರ ಬೇಸಿಗೆ ಅರಮನೆಯ ತೋಟ.

ವಿಷಯ: ತಮ್ಮ ತೋಟದ ಗಂಡು ನವಿಲನ್ನು ಇದೇ ಜೂನ್ 27ರಂದು ನಮ್ಮ ಮನೆಗೆ ಊಟಕ್ಕೆ ಕಳುಹಿಸಿಕೊಡುವ ಬಗ್ಗೆ.

ಉಲ್ಲೇಖ: 1. ತಮ್ಮ ತೋಟಗಾರ ರಜಬ್ ಅಕಾ ಅವರ ಬಾಯಿಮಾತಿನ ಸೂಚನೆ, ಜೂನ್ 3, ಮಧ್ಯಾಹ್ನ, ಕೊಳದ ದಂಡೆ.
2. ನಮ್ಮ ಅವ್ವನ ಆಜ್ಞೆ, ಅಂದಿನಿಂದ ಇಂದಿನವರೆಗೆ, ದಿನಕ್ಕೆ ನಾಲ್ಕು ಸಲ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಕಳೆದ ವರ್ಷ ನನ್ನ ಮಗ ತೋಲ್ಕಿನ್ ಒಂದು ವರ್ಷದ ಸೈನ್ಯದ ಚಾಕರಿಗೆ ಹೊರಟಾಗ, ನಮ್ಮಲ್ಲಿ ಎಲ್ಲರೂ ಮಾಡುವಂತೆ, ಬಾಗಿಲಲ್ಲಿ ನಿಂತು ತಂದೂರಿನ ರೊಟ್ಟಿಯೊಂದನ್ನು ಒಂದು ಸಲ ಕಚ್ಚಿ ಹೋಗಿರುತ್ತಾನೆ. ಸದರಿ ರೊಟ್ಟಿಯನ್ನು ಅವ್ವ ಬಟ್ಟೆಯಲ್ಲಿ ಸುತ್ತಿ ಮೊಳೆಗೆ ತೂಗುಹಾಕಿರುತ್ತಾಳೆ. ಕಚ್ಚಿದವನು ಮರಳಿ ಬಂದು ಅದನ್ನು ಮುಗಿಸತಕ್ಕದ್ದು. ತಮ್ಮ ಮನೆಯಲ್ಲೂ ಇಂಥದೊಂದು ಮೊಳೆ ಇದ್ದೇ ಇರುತ್ತದೆಯಾದ್ದರಿಂದ ಹೆಚ್ಚು ವಿವರಿಸುವುದಿಲ್ಲ.

2. ಈ ಸಲದ ರೇಷ್ಮೆಗೂಡುಗಳನ್ನು ಒಪ್ಪಿಸಿದ ಮರುದಿನ ನಾವು ನಾಲ್ವರು, ಅಂದರೆ ಅವ್ವ, ನಾನು, ಹೆಂಡತಿ ಮುನವ್ವರ್ ಮತ್ತು ಮಗಳು ಝೆಬೋ, ಅರಮನೆ ನೋಡಲು ಹೊರಟೆವು. ಅವ್ವನಿಗೆ ಎಪ್ಪತ್ತೆಂಟು. ಎರಡು ಗಂಟೆಯ ದಾರಿಯಲ್ಲಿರುವ ಅರಮನೆಯನ್ನು ನೋಡಲು ಹಿಪ್ಪುನೇರಳೆ ಸೊಪ್ಪು ಆಕೆಯನ್ನು ಈವರೆಗೆ ಬಿಟ್ಟಿರಲಿಲ್ಲ. ವ್ಯಾನು ಹತ್ತುವಾಗ ಆಕೆಯ ಕಂಕುಳಲ್ಲಿ ರೊಟ್ಟಿಯ ಗಂಟು ಇದ್ದದ್ದನ್ನು ನಾನು ಆಕ್ಷೇಪಿಸಿದೆ.

"ಅದ್ಯಾಕವ್ವ ಅದನ್ನ ಹೊತ್ಕೊಂಡು ಬರ್ತೀಯ?"

"ಮನೇಲಿ ಯಾರೂ ಇಲ್ಲ. ಹುಡುಗನ್ನ ಒಬ್ಬನ್ನೇ ಬಿಟ್ಟು ಹೋಗಕ್ಕಾಗತ್ತಾ?"

ಕಾರಣ, ರೊಟ್ಟಿಯೂ ಬಂದಿತು. ಸಿಂಹಾಸನದ ಕೋಣೆಯಲ್ಲಿ ಅವ್ವ ಗಂಟಿನ ತುದಿ ಬಿಚ್ಚಿ, "ನೋಡ್ಕೊಳಪ್ಪ, ಅಮೀರ ಕೂರ್ತಿದ್ದ ಜಾಗ. ನಮ್ಮ ಮಂಚದಷ್ಟು ಅಗಲಾನೂ ಇಲ್ಲ" ಎಂದು ರೊಟ್ಟಿಗೆ ತೋರಿಸಿದಳು. ಕನ್ನಡಿ ಕೋಣೆಯಲ್ಲಿ ಒಬ್ಬಳಿದ್ದವಳು ನಲವತ್ತು ಜನ ಅವ್ವಂದಿರಾದಾಗ ಎಲ್ಲರಿಗೂ ಎದೆಯ ಮೇಲೆ ಕೈಯಿಟ್ಟು ಸಲಾಂ ಮಾಡಿದಳು. ಎಲ್ಲರೂ ತಿರುಗಿ ಸಲಾಂ ಮಾಡಿದ್ದರಿಂದ ಅಲ್ಲಿಂದ ಹೊರಡಿಸುವುದು ತಡವಾಯಿತು.

3. ಹಸಿವಾದ ಕಾರಣ ಕೊಳದ ದಂಡೆಯ ಮೇಲೆ ಬಟ್ಟೆ ಹಾಸಿ, ಕುರಿಮಾಂಸದ ಪಲಾವಿನ ಪಾತ್ರೆಯನ್ನೂ ಊಟದ ರೊಟ್ಟಿಗಳನ್ನೂ ಬಿಚ್ಚಿದೆವು. ಆಗ ತಮ್ಮ ತೋಟಗಾರ ರಜಬ್ ಅಕಾ ಗುದ್ದಲಿ ಹಿಡಿದು ಬಂದರು.

"ಅಜ್ಜೀ, ಇಲ್ಲಿ ಊಟ ಮಾಡಂಗಿಲ್ಲ."

"ಯಾರಪ್ಪ ಹಂಗಂದೋರು?"

"ಬೋರ್ಡ್ ಹಾಕಿದೆ ನೋಡಿ."

"ಬೋರ್ಡಿಗೂ ಒಂದು ತುತ್ತು ಇಡಣ. ಮೊದ್ಲು ನೀನು ಕೂತ್ಕೊ. ಮುಖ ನೋಡು, ಬೆಳಗ್ಗಿಂದ ಏನೂ ತಿಂದಿಲ್ಲ."

ಬಡಿಸಿದ ಅನ್ನವನ್ನು ಬಿಟ್ಟು ಏಳುವುದು ಯಾವ ಮನುಷ್ಯನಿಂದಲೂ ಆಗದ ಕೆಲಸವಾದ್ದರಿಂದ ಸದರಿಯವರು ಕುಳಿತರು. ಇದರಲ್ಲಿ ಅವರ ಕರ್ತವ್ಯಲೋಪವೇನೂ ಇರುವುದಿಲ್ಲ. ಎರಡನೆಯ ಸಲ ಕೇಳಿ ಹಾಕಿಸಿಕೊಂಡದ್ದನ್ನು ಲೆಕ್ಕಕ್ಕೆ ಹಿಡಿಯಬಾರದಾಗಿ ಕೋರುತ್ತೇನೆ.

4. ಈ ಸಮಯದಲ್ಲಿ ತಮ್ಮ ನವಿಲು ಮಿರ್ಜಾ ಹಿಂದಿನಿಂದ ಬಂದು, ಗಂಟಿನೊಳಗೆ ಕೊಕ್ಕು ತೂರಿಸಿ, ರೊಟ್ಟಿಯನ್ನು ಎಳೆದುಕೊಂಡು ಓಡಿತು. ಹನ್ನೊಂದು ತಿಂಗಳು ಒಣಗಿದ ರೊಟ್ಟಿ ಅದು. ನಮ್ಮ ಮನೆಯ ಇಲಿಗಳೇ ಪ್ರಯತ್ನಿಸಿ ಬಿಟ್ಟಿದ್ದವು.

"ಅಯ್ಯೋ ನನ್ನ ಮೊಮ್ಮಗ! ಹಿಡೀರೋ!" ಎಂದು ಅವ್ವ ಕೂಗಿದಳು. ಅವ್ವನ ಹಿಂದೆ ಝೆಬೋ, ಝೆಬೋಳ ಹಿಂದೆ ಸಟ್ಟುಗ ಹಿಡಿದ ಮುನವ್ವರ್, ಅವಳ ಹಿಂದೆ ಬಾಯಿ ತುಂಬ ಅನ್ನವಿದ್ದ ರಜಬ್ ಅಕಾ. ಕೊಳದ ಸುತ್ತ ಮೂರು ಸುತ್ತು ಆಯಿತು. ಎರಡನೆಯ ಸುತ್ತಿನಿಂದ, ಯಾರು ಏನೆಂದು ಕೇಳದೆ, ಒಂದು ಮದುವೆ ದಿಬ್ಬಣದವರೂ ಸೇರಿಕೊಂಡರು. ಮದುಮಗಳು ಬಹಳ ಚೆನ್ನಾಗಿ ಓಡಿದಳು. ನವಿಲು ಗೋಡೆಯೇರುವಾಗ ರೊಟ್ಟಿ ಬಿದ್ದಿತು. ನೋಡಿದರೆ ತೋಲ್ಕಿನ್ ಕಚ್ಚಿದ ಜಾಗದ ಪಕ್ಕದಲ್ಲೇ ಇನ್ನೊಂದು ಕಚ್ಚು.

5. ಎಲ್ಲರೂ ನಗುತ್ತಿದ್ದರು. ಅವ್ವ ನಗಲಿಲ್ಲ. ಆಕೆ ಚಿಕ್ಕವಳಿದ್ದಾಗ ತವರಿನ ಮೊಳೆಯಲ್ಲಿ, ಯುದ್ಧಕ್ಕೆ ಹೋದ ಸೋದರಮಾವನ ರೊಟ್ಟಿ ತೂಗುತ್ತಿತ್ತು. ಅದನ್ನು ಮುಗಿಸಲು ಯಾರೂ ಬರಲಿಲ್ಲ. ಇದನ್ನು ಅರ್ಜಿಯಲ್ಲಿ ಬರೆಯಕೂಡದೆಂದು ಅವ್ವ ಹೇಳಿರುತ್ತಾಳೆ. ಆದರೂ ಬರೆದಿರುತ್ತೇನೆ.

ಬಹಳ ಹೊತ್ತು ರೊಟ್ಟಿ ತಿರುಗಿಸಿ ನೋಡಿ ಅವ್ವ ತೀರ್ಪು ಕೊಟ್ಟಳು: "ಕಚ್ಚಿದೋರು ಬರ್ಬೇಕು, ಬಂದು ಮುಗಿಸ್ಬೇಕು. ಹುಡುಗ ಬರೋ ದಿನ ಇದೂ ಬರ್ಲಿ. ಇಬ್ರೂ ಒಟ್ಟಿಗೆ ಕೂತು ತಿನ್ಲಿ."

"ಅಜ್ಜೀ, ಅದು ಸರ್ಕಾರದ ನವಿಲು. ಬಾ ಅಂದ್ರೆ ಬರಕ್ಕಾಗಲ್ಲ, ಅರ್ಜಿ ಕೊಡ್ಬೇಕು" ಎಂದರು ರಜಬ್ ಅಕಾ. ಅವರು ತಮಾಷೆಗೆ ಅಂದಿರಬಹುದು. ಅವ್ವ ಹಾಗೆ ತಿಳಿದುಕೊಂಡಿಲ್ಲ.

6. ವಿಷಯ ತಿಳಿದು ತೋಲ್ಕಿನ್ ಫೋನಿನಲ್ಲಿ ಉಸಿರು ಕಟ್ಟುವಷ್ಟು ನಕ್ಕನು. "ಅಜ್ಜಿಗೆ ಹೇಳು, ನಾನು ಬಂದೇ ಬರ್ತೀನಿ. ನವಿಲಿನ ಜೊತೆ ಊಟ ಯಾರು ಬಿಡ್ತಾರೆ?" ಎಂದನು. ಆ ದಿನ ಅವ್ವ ಎರಡು ಬಟ್ಟಲು ಚಹಾ ಕುಡಿದಳು. ಮೂರು ದಿನಗಳಲ್ಲಿ ಅದೇ ಮೊದಲು. ಈಗ ಅವಳ ಜೀವವೆಲ್ಲ ತಮ್ಮ ಸಹಿಯ ಮೇಲೆ ನಿಂತಿರುತ್ತದೆ.

ಆದ್ದರಿಂದ, ಸದರಿ ಮಿರ್ಜಾನಿಗೆ, ತೋಲ್ಕಿನ್ ಮರಳುವ ದಿನವಾದ 27ರಂದು ಬೆಳಗ್ಗೆಯಿಂದ ಸಂಜೆಯವರೆಗೆ ರಜೆ ಮಂಜೂರು ಮಾಡಬೇಕಾಗಿ ವಿನಂತಿ. ಹೋಗಿಬರಲು ಭಾವಮೈದುನನ ವ್ಯಾನಿದೆ. ಬಾಲ ಮಡಿಯದಂತೆ ಹಿಂದಿನ ಸೀಟು ತೆಗೆಸುತ್ತೇವೆ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡಲಾಗುವುದು.

ಮತ್ತೊಂದು ವಿಷಯ. ನವಿಲಿನ ಹಿಂದೆ ಓಡುವ ಅವಸರದಲ್ಲಿ ರಜಬ್ ಅಕಾ ಕಚ್ಚಿ ಬಿಟ್ಟುಹೋದ ಅರ್ಧ ರೊಟ್ಟಿಯನ್ನು ಅವ್ವ ಮನೆಗೆ ತಂದು ಅದೇ ಮೊಳೆಗೆ ತೂಗುಹಾಕಿರುತ್ತಾಳೆ. ಕಾರಣ, ಅವರಿಗೂ ಅದೇ ದಿನ ರಜೆ ನೀಡತಕ್ಕದ್ದು. ತಾವು ಪರಿಶೀಲನೆಗೆಂದು ಖುದ್ದಾಗಿ ಬರುವುದಾದರೆ, ನಮ್ಮಲ್ಲಿ ಏನನ್ನೂ ಕಚ್ಚಿ ಅರ್ಧಕ್ಕೆ ಬಿಡಬಾರದಾಗಿ ಮೊದಲೇ ತಿಳಿಸಿರುತ್ತೇನೆ.

ತಮ್ಮ ವಿಶ್ವಾಸಿ, ಅವ್ವನ ಒತ್ತಾಯದ ಮೇರೆಗೆ,
ಸಫರ್ ಬೋಯ್‌ಮುರೋದೋವ್

ಅಡಕ:
1. ರೊಟ್ಟಿಯ ನಕ್ಷೆ, ಎರಡೂ ಕಚ್ಚುಗಳನ್ನು ಗುರುತಿಸಿದೆ (ದೊಡ್ಡದು ಮಗನದು).
2. ಓಟದಲ್ಲಿ ಉದುರಿದ ಗರಿ ಒಂದು. ಸರ್ಕಾರದ ಸ್ವತ್ತಾದ್ದರಿಂದ ಹಿಂದಿರುಗಿಸಿದೆ.
3. ಪಲಾವು, ಮುಚ್ಚಿದ ಪಾತ್ರೆಯಲ್ಲಿ, ತಮಗೆ. ದಯವಿಟ್ಟು ಬಿಸಿಯಿರುವಾಗಲೇ ಸಹಿ ಮಾಡುವುದು.